ಸೋಪು ಮಾರೋ ಟ್ರಿಕ್ಕಲ್ಲಿ ಅಕ್ಷರ ಮಾರಿದ್ರು

ಅಮೆರಿಕದ ಮಕ್ಕಳ ಟೀವಿ ಶೋ ಸೆಸಮಿ ಸ್ಟ್ರೀಟ್ ಹುಟ್ಟಿದ್ದು ಯಾವ್ದೋ ಇಲಾಖೆ ಮೀಟಿಂಗಲ್ಲಿ ಅಲ್ಲ, ರಾತ್ರಿ ಊಟದ ಹೊತ್ತಲ್ಲಿ. 1966, ನ್ಯೂಯಾರ್ಕಲ್ಲಿ ಟೀವಿ ಪ್ರೊಡ್ಯೂಸರ್ ಜೋನ್ ಗ್ಯಾಂಜ್ ಕೂನಿ ಮನೆ. ಊಟಕ್ಕೆ ಬಂದಿದ್ದ, ಶಿಕ್ಷಣಕ್ಕೆ ದುಡ್ಡು ಕೊಡೋ ಕಾರ್ನೆಗಿ ಕಾರ್ಪೊರೇಷನ್ ಅನ್ನೋ ಸಂಸ್ಥೆಯ ಲಾಯ್ಡ್ ಮಾರಿಸೆಟ್ ತಮ್ಮ ಮೂರು ವರ್ಷದ ಮಗಳ ವಿಷ್ಯ ತೆಗೆದ್ರು. ಆ ಮಗು ಬೆಳಿಗ್ಗೆ ಎಲ್ರಿಗಿಂತ ಮುಂಚೆ ಎದ್ದು, ಕಾರ್ಟೂನ್ ಬರೋ ತನಕ ಬರೀ ಟೆಸ್ಟ್ ಪ್ಯಾಟರ್ನ್ ನೋಡ್ಕೊಂಡು ಕೂತಿರ್ತಿತ್ತಂತೆ (ದೂರದರ್ಶನದಲ್ಲಿ ಬಣ್ಣದ ಪಟ್ಟಿ ಬರ್ತಿತ್ತಲ್ಲ, ಆ ಥರ), ಜಾಹೀರಾತಿನ ಹಾಡುಗಳಂತೂ ಬಾಯಿಪಾಠ. ಸೋಪಿನ ಹಾಡು ಕಲಿಯೋ ಮಗು ಅಕ್ಷರ ಯಾಕೆ ಕಲಿಯಲ್ಲ?

ಪುಟ್ಟ ಮಕ್ಕಳಿಗೆ ಟೀವಿ ಅದಕ್ಕೂ ಮುಂಚೆ ಇತ್ತು. 1952ರಲ್ಲೇ ಶಿಕಾಗೋದಿಂದ ಡಿಂಗ್ ಡಾಂಗ್ ಸ್ಕೂಲ್ ಬರ್ತಿತ್ತು, ಫ್ರಾನ್ಸಿಸ್ ಹಾರ್ವಿಚ್ ಅನ್ನೋ ಟೀಚರಮ್ಮ ಕ್ಯಾಮೆರಾ ನೋಡಿ ಪ್ರಶ್ನೆ ಕೇಳಿ, ಮನೇಲಿರೋ ಮಗು ಉತ್ತರ ಹೇಳ್ಲಿ ಅಂತ ಸುಮ್ನೆ ಕಾಯೋರು. ಆದ್ರೆ 1965ರಲ್ಲಿ ಅಮೆರಿಕ ಸರ್ಕಾರ ಬಡವರ ಪುಟ್ಟ ಮಕ್ಕಳಿಗೆ ಹೆಡ್ ಸ್ಟಾರ್ಟ್ ಅನ್ನೋ ಯೋಜನೆ ಶುರು ಮಾಡಿದ ಮೇಲೆ, ಬಡವರ ಮಕ್ಕಳು ಸ್ಕೂಲ್ ಸೇರೋ ಹೊತ್ತಿಗೇ ಹಿಂದೆ ಬಿದ್ದಿರ್ತಾರೆ ಅನ್ನೋ ಮಾತು ಜೋರಾಗಿತ್ತು, ಟೀವಿ ಮಾತ್ರ ಹೆಚ್ಚುಕಮ್ಮಿ ಎಲ್ಲಾ ಮನೇಲೂ ಇತ್ತು. ಕಾರ್ನೆಗಿ, ಫೋರ್ಡ್ ಫೌಂಡೇಶನ್, ಸರ್ಕಾರ ಎಲ್ಲಾ ಸೇರಿ ಸುಮಾರು 80 ಲಕ್ಷ ಡಾಲರ್ ಕೊಟ್ರು.

ನಂಗೆ ಮಜಾ ಅನ್ಸೋದು ಮುಂದಿನ ಭಾಗ. ಸಂಶೋಧಕ ಎಡ್ವರ್ಡ್ ಪಾಮರ್ ಮಗೂನ ಟೀವಿ ಮುಂದೆ ಕೂರ್ಸಿ, ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು ಏಳೂವರೆ ಸೆಕೆಂಡಿಗೊಂದು ಸ್ಲೈಡ್ ಬದಲಾಯಿಸ್ತಿದ್ರು, ಮಗು ಆ ಕಡೆ ತಿರುಗ್ತು ಅಂದ್ರೆ ಟೀವಿಲಿ ಬರ್ತಿರೋದು ಬೋರು ಅಂತ ಲೆಕ್ಕ, ಮುಲಾಜೇ ಇಲ್ಲ! 1969ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಟೆಸ್ಟ್ ಎಪಿಸೋಡ್ ತೋರಿಸ್ದಾಗ ಬರೀ ಮನುಷ್ಯರಿದ್ದ ಬೀದಿ ದೃಶ್ಯ ಬಂದ ತಕ್ಷಣ ಮಕ್ಕಳ ಗಮನ ಬೇರೆ ಕಡೆ ಹೋಯ್ತು. ಮನುಷ್ಯರನ್ನೂ ಗೊಂಬೆಗಳನ್ನೂ ಒಟ್ಟಿಗೆ ತೋರಿಸ್ಬೇಡಿ, ಮಕ್ಕಳಿಗೆ ಗೊಂದಲ ಆಗತ್ತೆ ಅಂದಿದ್ದು ಸೈಕಾಲಜಿಸ್ಟುಗಳು. ಅವರ ಮಾತು ಪಕ್ಕಕ್ಕಿಟ್ಟು ಬೀದಿಗೂ ಗೊಂಬೆ ತಂದ್ರು, ಗೊಂಬೆ ಕಲಾವಿದ ಜಿಮ್ ಹೆನ್ಸನ್ ಬಿಗ್ ಬರ್ಡ್, ಆಸ್ಕರ್ ಅನ್ನೋ ಎರಡು ಗೊಂಬೆ ಮಾಡಿದ್ದೇ ಇದಕ್ಕೆ.

ಹೀಗೆ ಅಳೆದೂ ಸುರಿದೂ ಮಗೂನ ಟೀವಿಗೆ ಅಂಟಿಸೋದು ಸರೀನಾ? ಎಲ್ರಿಗೂ ಒಪ್ಪಿಗೆ ಆಗಿರ್ಲಿಲ್ಲ, ಬಿಬಿಸಿ 1971ರಲ್ಲಿ ಈ ಶೋ ಬೇಡವೇ ಬೇಡ ಅಂತು. ಆ ತಕರಾರು ಪೂರ್ತಿ ತಪ್ಪು ಅಂತ ನಂಗೂ ಅನ್ಸಲ್ಲ.

1969ರ ನವೆಂಬರ್ 10ಕ್ಕೆ ಮೊದಲ ಎಪಿಸೋಡ್ ಬಂತು. ಅದರ ಪ್ರಾಯೋಜಕರು ಯಾವ ಕಂಪ್ನಿನೂ ಅಲ್ಲ: ಡಬ್ಲ್ಯೂ, ಎಸ್, ಇ ಅಕ್ಷರಗಳು, ಜೊತೆಗೆ 2 ಮತ್ತು 3.