ಒತ್ತದಿದ್ದರೆ ಹಾಡೇ ನಿಂತುಹೋಗುವ ಆಟಗಳು

ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್‌ನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಅಣ್ಣನ ಮಗ ಫೋನಿನಲ್ಲಿ ಮುಳುಗಿದ್ದ. ಹಾಡಿನ ಬೀಟ್‌ಗೆ ಸರಿಯಾಗಿ ಪರದೆ ಒತ್ತುವ ಆಟ. ಇದ್ದಕ್ಕಿದ್ದಂತೆ ರೇಗಿದ. "ಚಿಕ್ಕಪ್ಪ, ಇದು ಮೋಸ ಮಾಡ್ತಿದೆ. ಕರೆಕ್ಟಾಗಿ ಒತ್ತಿದ್ರೂ ಮಿಸ್ ಅಂತಾನೇ ತೋರಿಸ್ತಿದೆ."

"ಕಿವೀಲಿರೋದು ಬ್ಲೂಟೂತ್ ಅಲ್ವಾ? ತೆಗಿ."

ತೆಗೆದು ಸ್ಪೀಕರ್‌ನಲ್ಲೇ ಆಡಿದ. ಮಿಸ್‌ಗಳು ನಿಂತವು. ಪಕ್ಕದ ಬೆಂಚಿನ ಅಜ್ಜಿ ಮಾತ್ರ ನಮ್ಮನ್ನು ದುರುಗುಟ್ಟಿಕೊಂಡು ನೋಡಿದರು.

ಇದರಲ್ಲಿ ಮಾಯ ಏನಿಲ್ಲ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಅರ್ಧ ಸೆಕೆಂಡಿಗೆ ಒಂದು ಪೆಟ್ಟು ಬೀಳುತ್ತದೆ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವುದೇ ಎಷ್ಟೋ ಸಲ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು, ಇಲ್ಲವೇ ಅದಕ್ಕಿಂತ ಜಾಸ್ತಿ ತಡ. ಹುಡುಗ ಕೇಳಿದ್ದಕ್ಕೆ ಸರಿಯಾಗೇ ಒತ್ತುತ್ತಿದ್ದ. ಅಷ್ಟರಲ್ಲಿ ಆಟ ಮುಂದೆ ಹೋಗಿರುತ್ತಿತ್ತು.

ಬಸ್ಸಿನಲ್ಲಿ ಅವನು ಇನ್ನೊಂದು ಪ್ರಶ್ನೆ ಎತ್ತಿದ. ಇಂಥ ಆಟಗಳಲ್ಲಿ ಯಾವುದರ ಹಾಡು ಚೆನ್ನ? ನನ್ನ ಲೆಕ್ಕದಲ್ಲಿ ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ನೀನು ಒತ್ತದಿದ್ದರೆ ಹಾಡಿಗೆ ಏನಾಗುತ್ತದೆ?

1996ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್‌ಗೆ 'ಪರಾಪ್ಪ ದ ರ್‍ಯಾಪರ್' ಬಂತು. ಮಾಡಿದವರು ಮಸಾಯಾ ಮತ್ಸುಉರಾ. ಅದಕ್ಕೂ ಮೊದಲು ಪಾಪ್ ಬ್ಯಾಂಡ್‌ನಲ್ಲಿದ್ದ ಸಂಗೀತಗಾರ. ಈರುಳ್ಳಿ ತಲೆಯ ಕರಾಟೆ ಮೇಷ್ಟ್ರು ಒಂದು ಸಾಲು ಹೇಳುತ್ತಾನೆ. ನಾಯಿಮರಿ ಪರಾಪ್ಪ ಅದನ್ನು ತಿರುಗಿ ಹೇಳಬೇಕು. ಗುಂಡಿ ಒತ್ತಿದರಷ್ಟೇ ಅವನ ಬಾಯಿಂದ ಮಾತು. ತಪ್ಪಿದರೆ ತೊದಲು. ಇದು ಸಿದ್ಧ ಹಾಡಿನ ಮೇಲೆ ಕೂರಿಸಿದ ಆಟವಲ್ಲ, ಆಟಕ್ಕೆಂದೇ ಹೊಲಿದ ಹಾಡು.

ಮರುವರ್ಷ ಕೊನಾಮಿ ಕಂಪನಿಯ 'ಬೀಟ್‌ಮೇನಿಯಾ' ಗೇಮ್ ಸೆಂಟರ್‌ಗಳಿಗೆ ಬಂತು. 5 ಗುಂಡಿ, ಒಂದು ಡಿಜೆ ತಟ್ಟೆ. ಹಾಡನ್ನು ಚೂರುಚೂರು ಮಾಡಿ ಒಂದೊಂದು ಚೂರನ್ನು ಒಂದೊಂದು ಒತ್ತಿಗೆ ಕಟ್ಟಿದ್ದರು. ಒತ್ತದಿದ್ದರೆ ಆ ಚೂರು ಕೇಳಿಸುವುದೇ ಇಲ್ಲ. ನನಗೆ ಇಂದಿಗೂ ಇದೇ ಹೆಚ್ಚು ಇಷ್ಟ.

1998ರ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಇದರ ತದ್ವಿರುದ್ಧ. ಕಾಲಡಿ 4 ಬಾಣ, ಹಾಡು ತನ್ನ ಪಾಡಿಗೆ ಓಡುತ್ತಿರುತ್ತದೆ. ನೀವು ಎಡವಿದರೂ ಅದಕ್ಕೇನೂ ಆಗದು. ತಪ್ಪಿದಾಗೆಲ್ಲ ಇಳಿಯುವ ಮೀಟರ್ ಖಾಲಿಯಾದರಷ್ಟೇ ಆಟ ಬಂದ್. ಇದಕ್ಕೆ ಹಾಡನ್ನು ಚೂರು ಮಾಡುವ ಕೆಲಸವಿಲ್ಲ, ಹಾಗಾಗಿ ಹೊರಗಿನ ಡಾನ್ಸ್ ಹಾಡುಗಳನ್ನು ಹಾಗೇ ಎತ್ತಿ ಹಾಕಬಹುದಿತ್ತು. ಬಾಡಿಗೆ ಹಾಡಿನ, ಅಂದರೆ ದುಡ್ಡು ಕೊಟ್ಟು ಬೇರೆಯವರ ಹಾಡು ಬಳಸುವ ದಾರಿ ಅಗಲವಾಗಿದ್ದು ಇಲ್ಲಿಂದ. ಬೆಂಗಳೂರಿನ ಒಂದು ಮಾಲ್‌ನಲ್ಲಿ ಈ ಥರದ ಯಂತ್ರ ಹತ್ತಿದ್ದೆ. ಎಡ ಬಾಣ ಕೆಟ್ಟಿತ್ತು. ನನ್ನ ಕುಣಿತಕ್ಕೆ ಅದೊಂದು ಒಳ್ಳೆ ನೆಪ ಆಯಿತು ಬಿಡಿ.

ಎರಡು ದಾರಿಯೂ ಕೂಡಿದ ಒಂದು ಆಟ 2005ರ 'ಗಿಟಾರ್ ಹೀರೋ', ಪ್ಲಾಸ್ಟಿಕ್ ಗಿಟಾರಿನ ಗುಂಡಿ ಒತ್ತಿ ಆಡುವುದು. ಹಾಡುಗಳು ಹೆಸರಾಂತ ರಾಕ್ ಹಾಡುಗಳೇ. ಆದರೆ ನೀವು ತಪ್ಪಿದರೆ ಗಿಟಾರ್ ಮಾತ್ರ ಮಾಯ, ಡ್ರಮ್ಸು, ಹಾಡುಗಾರ ಮುಂದುವರಿಯುತ್ತಾರೆ. ಹಾಗಾಗಬೇಕಾದರೆ ಗಿಟಾರಿನ ಸದ್ದು ಬೇರೆಯಾಗೇ ಕೈಗೆ ಸಿಗಬೇಕಲ್ವಾ? ಮೇಲಾಗಿ ಹಾಡು ಕಟ್ಟಿದವರ ಹಕ್ಕು ಒಂದು, ಮೂಲ ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ಎರಡಕ್ಕೂ ದುಡ್ಡು ಕೊಡಬೇಕು. ಹಾಗಾಗಿ ಮೊದಲ ಆಟದ ಹೆಚ್ಚಿನ ಹಾಡುಗಳನ್ನು ಬೇರೆ ವಾದ್ಯಗಾರರಿಂದ ಹೊಸದಾಗಿ ನುಡಿಸಿ ಹಾಕಿದರು. ಆಮೇಲಿನ ಆಟಗಳಲ್ಲಿ ಮೂಲ ರೆಕಾರ್ಡಿಂಗ್‌ಗಳು ಹೆಚ್ಚಾದವು.

ಬಾಡಿಗೆ ಅಂದಮೇಲೆ ಖಾಲಿ ಮಾಡುವ ದಿನವೂ ಬರುತ್ತದೆ. 2015ರ 'ಗಿಟಾರ್ ಹೀರೋ ಲೈವ್'ನ ಡಿಸ್ಕಿನಲ್ಲಿ ಇದ್ದದ್ದು 42 ಹಾಡು. ಉಳಿದ 400ಕ್ಕೂ ಜಾಸ್ತಿ ಹಾಡುಗಳು ಇಂಟರ್‌ನೆಟ್‌ನಲ್ಲಿ ಹರಿದು ಬರುತ್ತಿದ್ದವು. 2018ರ ಡಿಸೆಂಬರ್‌ನಲ್ಲಿ ಸರ್ವರ್ ಮುಚ್ಚಿದರು. ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಗಿಟಾರ್ ಮನೆಯಲ್ಲೇ ಉಳಿಯಿತು, ಆ 400 ಚಿಲ್ಲರೆ ಹಾಡುಗಳು ಹೋದವು. ಅದೇ 2018ರಲ್ಲಿ ಬಂದ 'ಬೀಟ್ ಸೇಬರ್' (ಕಣ್ಣಿಗೆ ವಿಆರ್ ಕನ್ನಡಕ ಹಾಕಿಕೊಂಡು ಬೀಟ್‌ಗೆ ಸರಿಯಾಗಿ ಕತ್ತಿ ಬೀಸುವ ಆಟ) ಶುರುವಾಗಿದ್ದು ತನ್ನದೇ ಹಾಡುಗಳಿಂದ. ಮಾಡಿದವರಲ್ಲಿ ಒಬ್ಬರಾದ ಯಾರೋಸ್ಲಾವ್ ಬೆಕ್ ಸ್ವತಃ ಸಂಗೀತ ಸಂಯೋಜಕ. ಹೆಸರಾಂತ ಬ್ಯಾಂಡ್‌ಗಳ ಹಾಡು ಆಮೇಲೆ ಬಂದವು, ಬೇರೆ ದುಡ್ಡಿಗೆ.

ಹುಡುಗನ ಫೋನಿನ ಆಟದಲ್ಲಿ ಕನ್ನಡ ಹಾಡು ಒಂದೂ ಇರಲಿಲ್ಲ. ಹಳೆ ಯುರೋಪಿನ ಪಿಯಾನೋ ತುಣುಕುಗಳು ಮಾತ್ರ ಬೇಕಾದಷ್ಟು. ಕಾರಣ ಸುಲಭ. ಕಟ್ಟಿದವರು ತೀರಿಕೊಂಡು ಎಷ್ಟೋ ಕಾಲವಾಗಿದೆ, ಹಕ್ಕು ಕೇಳುವವರಿಲ್ಲ. ಹೊಸದಾಗಿ ನುಡಿಸಿಕೊಂಡರೆ ಸಾಕು. ಹಾಗೆ ನೋಡಿದರೆ ಪುರಂದರದಾಸರ ಪದಕ್ಕೂ ಹಕ್ಕಿನ ತಕರಾರಿಲ್ಲ. ಆದರೆ ಯಾರೋ ಹಾಡಿ ರೆಕಾರ್ಡ್ ಮಾಡಿದ ಧ್ವನಿಗೆ ನಮ್ಮ ಕಾನೂನಿನಲ್ಲಿ 60 ವರ್ಷದ ಹಕ್ಕಿದೆ.

"ಹಂಗಾದ್ರೆ ನಮ್ಮೂರ ತಮಟೆ ಹಾಕ್ಬೋದು, ಅವರನ್ನ ಒಂದು ಮಾತು ಕೇಳಿದ್ರಾಯ್ತು," ಅಂದ. ಈ ಜಿಲ್ಲೆಗೆ ತಮಟೆ ಎಂದರೆ ಸುಮ್ನೆ ಅಲ್ಲ. ಇಲ್ಲಿನ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದೇ ತಮಟೆಗೆ.

ಊರಹಬ್ಬದಲ್ಲಿ ತಮಟೆಯವರ ಒಪ್ಪಿಗೆ ಕೇಳಿ ಫೋನ್ ಹಿಡಿದು ನಿಂತ. ಅವರು ಗೋಡೆ ಪಕ್ಕ ಹುಲ್ಲು ಉರಿಸಿ, ಚರ್ಮ ಬಿಗಿಯಾಗುವ ತನಕ ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಆಮೇಲೆ ಶುರು ಮಾಡಿದರು. 3 ನಿಮಿಷದ ರೆಕಾರ್ಡಿಂಗ್ ಸಿಕ್ಕಿತು.

ಅದನ್ನು ಲ್ಯಾಪ್‌ಟಾಪಿನಲ್ಲಿ 'ಓಸು' ಆಟಕ್ಕೆ ಹಾಕಿದ. 2007ರಿಂದ ಇರುವ ಈ ಆಟದಲ್ಲಿ ಆಡುವವರೇ ಹಾಡಿಗೆ ಒತ್ತುಗಳನ್ನು ಕೂರಿಸಬಹುದು. ಮೊದಲು ನಿಮಿಷಕ್ಕೆ ಎಷ್ಟು ಬೀಟ್ ಎಂದು ಹೇಳಬೇಕು. ಹೇಳಿದ. ಮೊದಲ 20 ಸೆಕೆಂಡ್ ಚೆನ್ನಾಗಿ ಕೂತಿತು. ಅಲ್ಲಿಂದ ತಮಟೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯಿತು. ಅವರು ಕುಣಿಯುವವರ ಕಾಲು ನೋಡಿ ಬಾರಿಸುವವರು, ಗಡಿಯಾರ ನೋಡಿ ಅಲ್ಲ. ವೇಗ ಬದಲಾದ ಕಡೆಯೆಲ್ಲ ಒಂದು ಕೆಂಪು ಗೆರೆ ಎಳೆದು ಹೊಸ ಲೆಕ್ಕ ಕೊಡಬೇಕು. ರಾತ್ರಿ ಹನ್ನೊಂದಕ್ಕೆ ಇಣುಕಿ ನೋಡಿದೆ. ಪರದೆ ತುಂಬಾ ಕೆಂಪು ಗೆರೆ.

"ಚಿಕ್ಕಪ್ಪ, ಇನ್ನೂ 40 ಸೆಕೆಂಡ್ ಬಾಕಿ ಇದೆ," ಅಂದ, ತಲೆ ಎತ್ತದೆ.