ಸಜಾಬಂದಿಗೆ ಹಕ್ಕೇ ಇಲ್ಲವೇ?

ಪ್ರಶ್ನೆ: ನಮ್ಮ ತಮ್ಮನಿಗೆ ಶಿಕ್ಷೆಯಾಗಿದೆ. ಜೈಲಿನಲ್ಲಿ ಹೊಡೆಯುತ್ತಾರಂತೆ. ಶಿಕ್ಷೆಯಾದ ಮೇಲೆ ಹಕ್ಕೆಲ್ಲ ಹೋಯಿತಲ್ಲ, ಅಧಿಕಾರಿಗಳ ಮೇಲೆ ಕೋರ್ಟಿಗೆ ಹೋಗಲು ಬರುತ್ತದೆಯೇ?

ಬರುತ್ತದೆ. ಎಷ್ಟು ಸಲ ಬರೆದರೂ ‘ಹಕ್ಕೆಲ್ಲ ಹೋಯಿತಲ್ಲ’ ಎಂಬ ಮಾತು ಜನರ ಬಾಯಿಂದ ಹೋಗುತ್ತಿಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ವಿಶಾಖಪಟ್ಟಣ ಜೈಲಿನ ಕೈದಿಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲೇ ಸ್ಪಷ್ಟವಾಗಿ ಹೇಳಿದೆ: ಅಪರಾಧಿ ಎಂದು ತೀರ್ಪಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಕಳಚಿಬೀಳುವುದಿಲ್ಲ. ಬೇಕಾದಲ್ಲಿಗೆ ಓಡಾಡುವ ಸ್ವಾತಂತ್ರ್ಯ ಹೋಗುತ್ತದೆ, ನಿಜ. ಸಂವಿಧಾನದ 21ನೇ ವಿಧಿ ಕೊಟ್ಟ ಜೀವದ ರಕ್ಷಣೆ ಜೈಲಿನ ಗೋಡೆಯೊಳಗೂ ಇರುತ್ತದೆ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಗಲ್ಲುಶಿಕ್ಷೆಗೆ ಗುರಿಯಾದವರು. ತಮ್ಮನ್ನು ಒಂಟಿಸೆರೆಯಲ್ಲಿ ಇಟ್ಟದ್ದನ್ನು ಪ್ರಶ್ನಿಸಿ 1978ರಲ್ಲಿ ಗೆದ್ದರು. ಆಮೇಲೆ, ವಾರ್ಡರ್ ಒಬ್ಬ ಇನ್ನೊಬ್ಬ ಕೈದಿಗೆ ಚಿತ್ರಹಿಂಸೆ ಕೊಟ್ಟನೆಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದರು. ಆ ಪತ್ರವನ್ನೇ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು, 1979ರಲ್ಲಿ ತೀರ್ಪು ಕೊಟ್ಟಿತು. ಗಲ್ಲಿನ ಕೈದಿಯ ಕಾಗದಕ್ಕೆ ಇಷ್ಟು ಬೆಲೆಯಿದ್ದ ಮೇಲೆ ನಿಮ್ಮ ತಮ್ಮನ ದೂರಿಗೆ ಇಲ್ಲವೆಂದು ಯಾರೂ ಹೇಳಲಾರರು.

ಇಂಥ ಕೇಸುಗಳು ಬೀಳುವುದು ಬಹುಮಟ್ಟಿಗೆ ಪುರಾವೆಯಿಲ್ಲದೆ. ‘ಹಿಂಸೆ ಕೊಡುತ್ತಾರೆ’ ಎಂದು ಬರೆದರೆ ಏನೂ ಹುಟ್ಟುವುದಿಲ್ಲ. ‘12ನೇ ತಾರೀಖು ಸಂಜೆ, ಬ್ಯಾರಕ್‌ಗೆ ಬೀಗ ಹಾಕುವ ಹೊತ್ತಿಗೆ, ಇಂಥ ವಾರ್ಡರ್ ಲಾಠಿಯಿಂದ ಎಡ ಮೊಣಕೈಗೆ ಹೊಡೆದರು, ಊದಿಕೊಂಡಿದೆ, ಇಂಥವರು ನೋಡಿದರು’ ಎಂದಿರಬೇಕು. ಗಾಯ ಮಾಯುವ ಮುಂಚೆ ಜೈಲಿನ ವೈದ್ಯರ ದಾಖಲೆಗೆ ಅದು ಬರಲಿ. ಸಿಸಿಟಿವಿ ದೃಶ್ಯ ಕಾಯ್ದಿಡಿ ಎಂದು ಸೂಪರಿಂಟೆಂಡೆಂಟರಿಗೆ ಕೂಡಲೇ ಬರೆದು, ಸ್ವೀಕೃತಿ ಪಡೆಯಿರಿ. ಹಳೆಯದರ ಮೇಲೆ ಹೊಸದು ಮುದ್ರಣವಾದರೆ ಮುಗಿಯಿತು.

ವಕೀಲರಿಗೆ ದುಡ್ಡಿಲ್ಲವೆಂದು ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ಅಲ್ಲಿಂದ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಹಕ್ಕು ಕಾಪಾಡಲು ಅಧಿಕಾರಿಗಳಿಗೆ ಆದೇಶ ಕೊಡಿ ಎಂದು ಕೇಳುವ ಅರ್ಜಿ, ಹಾಕಬೇಕು. ಹಿಂಡಲಗಾ, ಬಳ್ಳಾರಿ ಜೈಲುಗಳಾದರೆ ಧಾರವಾಡ ಪೀಠ. ಕಲಬುರಗಿ, ವಿಜಯಪುರವಾದರೆ ಕಲಬುರಗಿ ಪೀಠ. ಪರಪ್ಪನ ಅಗ್ರಹಾರ, ಮೈಸೂರಾದರೆ ಬೆಂಗಳೂರು. ಸಿವಿಲ್ ದಾವೆಗೆ ಬೇಕಾದ ಎರಡು ತಿಂಗಳ ನೋಟಿಸು ರಿಟ್‌ಗೆ ಬೇಡ. ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿದರೆ 30 ದಿನದೊಳಗೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲಿಸಬೇಕು. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ಹೋಗಿ.

ಹಕ್ಕಿನ ಮಾತು ಬಂದಾಗ ಮತದಾನವನ್ನೂ ಹೇಳಿಬಿಡಬೇಕು. ಅದನ್ನು ಕಾನೂನು ನಿಜವಾಗಿಯೂ ಕಿತ್ತುಕೊಂಡಿದೆ. 1951ರ ಜನಪ್ರತಿನಿಧಿ ಕಾಯ್ದೆಯ 62(5)ರಂತೆ ಜೈಲಿನಲ್ಲಿರುವವರು, ವಿಚಾರಣಾಧೀನ ಕೈದಿಗಳೂ ಸೇರಿ, ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಆದರೆ ಅದೇ ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು. ನಿಲ್ಲುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಹೇಳಿತ್ತು. ಸಂಸತ್ತು ಅದೇ ವರ್ಷ ಕಾಯ್ದೆ ತಿದ್ದಿ ಆ ದಾರಿಯನ್ನು ಮತ್ತೆ ತೆರೆಯಿತು.