ಪಕ್ಕದ ಗದ್ದೆ ಬಡಾವಣೆಯಾದರೆ ಊರಿಗೆ ಏನು ಹಕ್ಕಿದೆ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮ ಗದ್ದೆಗೆ ಅಂಟಿಕೊಂಡಿದ್ದ ಮೂರು ಎಕರೆ ಮಾರಾಟವಾಗಿದೆ. ನಿವೇಶನ ಮಾಡುತ್ತಾರಂತೆ. ಕೇಳಿದರೆ ‘ಅವರ ಜಮೀನು, ಅವರಿಷ್ಟ’ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಮಾರುವುದು ಅವರಿಷ್ಟ. ಕಬ್ಬಿನ ಬಾಕಿಗೆ ಕಾದು ಕಾದು ಸೋತ ರೈತ, ಗುಂಟೆ ಲೆಕ್ಕದಲ್ಲಿ ಬೆಲೆ ಬಂದಾಗ ಮಾರಿದರೆ ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಗದ್ದೆಯಲ್ಲಿ ಮನೆ ಏಳಬೇಕಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂ ಪರಿವರ್ತನೆ, ಅಂದರೆ ವ್ಯವಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು, ಆಗಬೇಕು. ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಾದರೆ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ನಕ್ಷೆಯನ್ನೂ ನೋಡಬೇಕು: ಹಸಿರು ವ್ಯವಸಾಯಕ್ಕೆ, ಹಳದಿ ವಾಸಕ್ಕೆ.

ಒಂದು ಎಕರೆ ಎಂದರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಉದ್ಯಾನಕ್ಕೆ ಅರ್ಧ ಬಿಟ್ಟರೂ 30x40 ಅಡಿಯ ಹದಿನೆಂಟು ನಿವೇಶನ. ಮೂರು ಎಕರೆಗೆ ಐವತ್ತಕ್ಕೂ ಹೆಚ್ಚು ಮನೆ. ಅಷ್ಟೂ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಒಳಚರಂಡಿ ಇಲ್ಲದ ಕಡೆ ಗದ್ದೆಯ ಹೆಚ್ಚುವರಿ ನೀರು ಹರಿದುಹೋಗುವ ಬಸಿಗಾಲುವೆಗೆ, ಅಲ್ಲಿಂದ ಕೆಳಗಿನವರ ಭತ್ತಕ್ಕೆ. ಕನ್ನಂಬಾಡಿಯಿಂದ ಹುಲಿಕೆರೆ ಸುರಂಗ ಹಾದು ವಿಶ್ವೇಶ್ವರಯ್ಯ ನಾಲೆಯಲ್ಲಿ ಬರುವ ನೀರು ಕೊನೆಗೆ ಗದ್ದೆ ಮುಟ್ಟುವುದು ಮೊಳದಗಲದ ಹೊಲಗಾಲುವೆಯಲ್ಲಿ. ನಡುವೆ ಯಾರೋ ಅದನ್ನು ಮುಚ್ಚಿ ಕಾಂಪೌಂಡ್ ಕಟ್ಟಿದರೆ, ಒಂದು ಗುಂಟೆಯನ್ನೂ ಮಾರದ ಕೊನೆಯಂಚಿನ ರೈತನ ಗದ್ದೆ ಒಣಗುತ್ತದೆ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ. ಪಟ್ಟಣಕ್ಕೆ ಮನೆಗಳು ಬೇಕು, ಒಪ್ಪುತ್ತೇನೆ. ಅವು ಮೊದಲು ಮಳೆ ನಂಬಿದ ಖುಷ್ಕಿ ಜಮೀನಿನಲ್ಲಿ ಏಳಲಿ. ನಾಲೆಯ ನೀರುಂಡ ತರಿ ಜಮೀನು ಒಮ್ಮೆ ಕಾಂಕ್ರೀಟಿನಡಿ ಸೇರಿದರೆ ಮತ್ತೆ ನಾಟಿಗೆ ಸಿಗುವುದಿಲ್ಲ.

ಊರು ಮಾತನಾಡಬೇಕಾದ ಹೊತ್ತು ನಕ್ಷೆಗೆ ಬಣ್ಣ ಬೀಳುವ ಹೊತ್ತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ನಂತರ ಹಸಿರನ್ನು ಹಳದಿ ಮಾಡಲು ಯಾರಾದರೂ ಕೇಳಿದರೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಒಳಪುಟದ ಮೂಲೆಯ ಆ ಸಣ್ಣ ಅಕ್ಷರಗಳನ್ನು ತಪ್ಪದೆ ಓದಿ. ನಕ್ಷೆ ಹಳದಿಯಾದ ಮೇಲೆ ಪರಿವರ್ತನೆಯನ್ನು ತಡೆಯುವುದು ಬಹಳ ಕಷ್ಟ.

ಆಕ್ಷೇಪಣೆಯಲ್ಲಿ ‘ಊರು ಹಾಳಾಗುತ್ತದೆ’ ಎಂದಷ್ಟೇ ಬರೆಯಬೇಡಿ. ಗ್ರಾಮ ನಕ್ಷೆಯ ಪ್ರತಿಯಲ್ಲಿ ತೂಬು, ಹೊಲಗಾಲುವೆ, ಬಸಿಗಾಲುವೆ ಗುರುತಿಸಿ. ಅವುಗಳ ಕೆಳಗೆ ಎಷ್ಟು ಎಕರೆ, ಯಾವ ಸರ್ವೆ ನಂಬರ್ ಎಂದು ಗದ್ದೆಗಳಿಗೆ ನೀರು ಬಿಡುವ ನಿಮ್ಮೂರಿನ ನೀರುಗಂಟಿಯನ್ನು ಕೇಳಿ ಬರೆಯಿರಿ. ಕೊನೆಯಂಚಿನ ರೈತರ ಸಹಿ ಹಾಕಿಸಿ ಪ್ರಾಧಿಕಾರಕ್ಕೆ ಕೊಟ್ಟು, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿಡಿ.